ಗಣಕ-ದೂರವಾಣಿ ಸಂಯೋಜನೆ

ಗಣಕ-ದೂರವಾಣಿ ಸಂಯೋಜನೆ ಎಂದರೆ ಒಂದು ಸಂಸ್ಥೆಯ ದೂರವಾಣಿ ವ್ಯವಸ್ಥೆಯನ್ನು ಅದರ ಗಣಕಯಂತ್ರಗಳೊಡನೆ ಜೋಡಿಸಿ, ಕರೆಯೂ ಆ ಕರೆಗೆ ಸಂಬಂಧಿಸಿದ ಮಾಹಿತಿಯೂ ಏಕಕಾಲದಲ್ಲಿ ಒಂದೇ ಮೇಜನ್ನು ತಲುಪುವಂತೆ ಮಾಡುವ ತಂತ್ರಜ್ಞಾನ. ಇದನ್ನು ಸಂಕ್ಷಿಪ್ತವಾಗಿ ಸಿಟಿಐ ಎಂದು ಕರೆಯುವುದು ರೂಢಿ. ಬ್ಯಾಂಕು, ವಿಮಾ ಸಂಸ್ಥೆ, ರೈಲ್ವೆ ವಿಚಾರಣೆ, ಆಸ್ಪತ್ರೆ, ಗ್ರಾಹಕ ಸೇವಾ ಕೇಂದ್ರ ಮತ್ತು ತುರ್ತು ಸೇವೆಗಳಲ್ಲಿ ಇದು ವ್ಯಾಪಕವಾಗಿ ಬಳಕೆಯಲ್ಲಿದೆ.

ಪರಿಕಲ್ಪನೆ

ದೂರವಾಣಿಯು ಧ್ವನಿಯನ್ನು ಒಯ್ಯುತ್ತದೆ; ಗಣಕಯಂತ್ರವು ದಾಖಲೆಯನ್ನು ಕಾಪಾಡುತ್ತದೆ. ಬಹುಕಾಲ ಇವೆರಡೂ ಒಂದೇ ಕಚೇರಿಯಲ್ಲಿದ್ದರೂ ಪರಸ್ಪರ ಅಪರಿಚಿತವಾಗಿದ್ದವು. ಕರೆ ಬಂದಾಗ ಗುಮಾಸ್ತರು ಹೆಸರು, ಊರು, ಖಾತೆಯ ಸಂಖ್ಯೆಗಳನ್ನು ಕೇಳಿ ಬರೆದುಕೊಂಡು, ಬಳಿಕ ಕಡತವನ್ನು ಹುಡುಕಬೇಕಾಗಿತ್ತು. ಕರೆಯನ್ನು ಬೇರೊಂದು ವಿಭಾಗಕ್ಕೆ ವರ್ಗಾಯಿಸಿದರೆ ಕರೆದವರು ಅದೇ ವಿವರಗಳನ್ನು ಮತ್ತೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಧ್ವನಿಯ ಜೊತೆಯಲ್ಲಿಯೇ ಮಾಹಿತಿಯೂ ಪ್ರಯಾಣ ಮಾಡುವಂತೆ ಮಾಡಿ ಈ ಪುನರಾವರ್ತನೆಯನ್ನು ತಪ್ಪಿಸುವುದೇ ಸಂಯೋಜನೆಯ ಮೂಲ ಉದ್ದೇಶ.

ಇತಿಹಾಸ

ಈ ತಂತ್ರಜ್ಞಾನಕ್ಕೆ ದಾರಿ ಮಾಡಿಕೊಟ್ಟ ಒಂದು ಪ್ರಮುಖ ಬೆಳವಣಿಗೆ ಗುಂಡಿ ಒತ್ತುವ ದೂರವಾಣಿ. ಅಮೆರಿಕದ ಬೆಲ್ ಸಂಸ್ಥೆ 1963ರ ನವೆಂಬರ್‌ನಲ್ಲಿ ಇದನ್ನು ಸಾರ್ವಜನಿಕ ಬಳಕೆಗೆ ತಂದಿತು. ಇದರಲ್ಲಿ ಪ್ರತಿಯೊಂದು ಗುಂಡಿಯೂ ಎರಡು ಸ್ವರಗಳನ್ನು ಒಟ್ಟಿಗೆ ಹೊರಡಿಸುತ್ತದೆ. ಉದಾಹರಣೆಗೆ, 5ನೆಯ ಗುಂಡಿಯನ್ನು ಒತ್ತಿದಾಗ 770 ಹರ್ಟ್ಸ್ ಮತ್ತು 1336 ಹರ್ಟ್ಸ್ ಆವರ್ತನದ ಸ್ವರಗಳು ಕೇಳಿಬರುತ್ತವೆ. ತಿರುಗುಬಿಲ್ಲೆಯ ದೂರವಾಣಿಯ ಮಿಡಿತಗಳು ಸ್ಥಳೀಯ ವಿನಿಮಯ ಕೇಂದ್ರಕ್ಕಷ್ಟೇ ಉದ್ದೇಶಿಸಿದವುಗಳಾಗಿದ್ದವು. ಈ ಸ್ವರಗಳಾದರೋ ಮನುಷ್ಯನ ಮಾತಿನಂತೆಯೇ ತಂತಿಯ ಮತ್ತೊಂದು ತುದಿಯವರೆಗೂ ಸಾಗುವುದರಿಂದ, ಅಲ್ಲಿರುವ ಯಂತ್ರ ಅವುಗಳನ್ನು ಗುರುತಿಸಬಲ್ಲದು. “ಒಂದನ್ನು ಒತ್ತಿ, ಎರಡನ್ನು ಒತ್ತಿ” ಎಂದು ಸೂಚಿಸುವ ಧ್ವನಿ ಉತ್ತರ ವ್ಯವಸ್ಥೆ ಸಾಧ್ಯವಾದದ್ದು ಹೀಗೆ.

1970ರ ದಶಕದಲ್ಲಿ ಒಳಬರುವ ಕರೆಗಳನ್ನು ಸರದಿಯಲ್ಲಿರಿಸಿ ಬಿಡುವಾಗಿರುವವರಿಗೆ ಹಂಚುವ ಸ್ವಯಂಚಾಲಿತ ಕರೆ ವಿತರಕಗಳು ವಿಮಾನ ಸಂಸ್ಥೆಗಳಂತಹ ದೊಡ್ಡ ಕಚೇರಿಗಳಿಗೆ ಬಂದವು. ಆದರೆ ಪ್ರತಿ ತಯಾರಕರ ವ್ಯವಸ್ಥೆಯೂ ತನ್ನದೇ ಭಾಷೆಯಲ್ಲಿ ವ್ಯವಹರಿಸುತ್ತಿದ್ದುದರಿಂದ ಗಣಕಯಂತ್ರಗಳೊಡನೆ ಜೋಡಿಸುವುದು ದುಬಾರಿಯಾಗಿತ್ತು. ಸಾಮಾನ್ಯ ನಿಯಮಗಳು ರೂಪುಗೊಂಡದ್ದು 1990ರ ದಶಕದಲ್ಲಿ. ಯುರೋಪಿನ ಎಕ್ಮಾ ಸಂಸ್ಥೆ 1992ರಲ್ಲಿ ಸಿಎಸ್‌ಟಿಎ ಎಂಬ ಮಾನಕವನ್ನು ಪ್ರಕಟಿಸಿತು. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಕೂಡಿ ಟಿಎಪಿಐಯನ್ನೂ, ನೊವೆಲ್ ಮತ್ತು ಎಟಿ ಅಂಡ್ ಟಿ ಕೂಡಿ ಟಿಎಸ್‌ಎಪಿಐಯನ್ನೂ ರೂಪಿಸಿದವು.

ಅಮೆರಿಕದ ಮಾರ್ಕ್ ಸ್ಪೆನ್ಸರ್ 1999ರಲ್ಲಿ ಆಸ್ಟೆರಿಸ್ಕ್ ಎಂಬ ಮುಕ್ತ ತಂತ್ರಾಂಶವನ್ನು ರಚಿಸಿದರು. ತಮ್ಮ ಸಣ್ಣ ಉದ್ಯಮಕ್ಕೆ ದೂರವಾಣಿ ವ್ಯವಸ್ಥೆಯೊಂದನ್ನು ಕೊಳ್ಳುವುದು ಹೊರೆಯೆನಿಸಿದ್ದರಿಂದ ಅವರು ಅದನ್ನು ತಾವೇ ಬರೆದರು. ಸಾಧಾರಣ ಗಣಕಯಂತ್ರವೊಂದು ಕಚೇರಿಯ ವಿನಿಮಯ ಕೇಂದ್ರವಾಗಿ ಕೆಲಸ ಮಾಡಬಲ್ಲದೆಂಬುದನ್ನು ಆಸ್ಟೆರಿಸ್ಕ್ ತೋರಿಸಿಕೊಟ್ಟಿತು. ಇದರಿಂದ ಸಣ್ಣ ಸಂಸ್ಥೆಗಳಿಗೂ ಸಂಯೋಜನೆ ಕೈಗೆಟುಕುವಂತಾಯಿತು.

ಕಾರ್ಯವಿಧಾನ

ಸಂಯೋಜಿತ ವ್ಯವಸ್ಥೆಯಲ್ಲಿ ಒಂದು ಕರೆ ಸಾಮಾನ್ಯವಾಗಿ ಈ ಹಂತಗಳಲ್ಲಿ ಸಾಗುತ್ತದೆ:

1. ಕರೆ ಸ್ವೀಕೃತವಾಗುವ ಮೊದಲೇ, ಕರೆದವರ ಸಂಖ್ಯೆ ಮತ್ತು ಅವರು ಒತ್ತಿದ ಸಂಖ್ಯೆ ಸಂಸ್ಥೆಯ ಖಾಸಗಿ ವಿನಿಮಯ ಕೇಂದ್ರಕ್ಕೆ ತಲುಪುತ್ತವೆ.
2. ವಿನಿಮಯ ಕೇಂದ್ರವು ಈ ಸುದ್ದಿಯನ್ನು ಸಂಯೋಜಕ ಗಣಕಕ್ಕೆ ಕಳುಹಿಸುತ್ತದೆ.
3. ಆ ಗಣಕ ದತ್ತಸಂಚಯದಲ್ಲಿ ಸಂಖ್ಯೆಯನ್ನು ಹುಡುಕಿ, ಗ್ರಾಹಕರ ಭಾಷೆ, ಹಿಂದಿನ ದೂರು ಮೊದಲಾದವನ್ನು ತಿಳಿದುಕೊಳ್ಳುತ್ತದೆ.
4. ಯಾರಿಗೆ ಈ ಕರೆ ಹೋಗಬೇಕೆಂಬುದನ್ನು ವಿನಿಮಯ ಕೇಂದ್ರಕ್ಕೆ ಸೂಚಿಸುತ್ತದೆ.
5. ದೂರವಾಣಿಯ ಗಂಟೆ ಬಾರಿಸುವಷ್ಟರಲ್ಲಿ ಗ್ರಾಹಕರ ವಿವರ ಪ್ರತಿನಿಧಿಯ ಪರದೆಯ ಮೇಲೆ ಮೂಡುತ್ತದೆ.

ಪ್ರತಿ ಕರೆಗೂ ವ್ಯವಸ್ಥೆ ಒಂದು ಗುರುತು ಸಂಖ್ಯೆಯನ್ನು ನೀಡುತ್ತದೆ. ಕರೆಯನ್ನು ಮತ್ತೊಬ್ಬರಿಗೆ ವರ್ಗಾಯಿಸಿದಾಗ ಆ ಗುರುತಿನ ಆಧಾರದಿಂದ ಪರದೆಯ ಮಾಹಿತಿಯೂ ಅವರಲ್ಲಿಗೆ ಹೋಗುತ್ತದೆ.

ಬಗೆಗಳು

ಸಂಯೋಜನೆಯಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಒಬ್ಬ ನೌಕರರ ಮೇಜಿನ ಮೇಲಿರುವ ದೂರವಾಣಿ ಅವರದೇ ಗಣಕಯಂತ್ರಕ್ಕೆ ಜೋಡಣೆಯಾಗಿರುತ್ತದೆ. ಆ ಗಣಕ ಆ ಒಂದು ದೂರವಾಣಿಯನ್ನು ಮಾತ್ರ ನಿಯಂತ್ರಿಸಬಲ್ಲದು. ಎರಡನೆಯದರಲ್ಲಿ ಕೇಂದ್ರ ಗಣಕವೊಂದು ನೇರವಾಗಿ ವಿನಿಮಯ ಕೇಂದ್ರದೊಡನೆ ಸಂಪರ್ಕ ಹೊಂದಿ, ಕಚೇರಿಯ ಎಲ್ಲ ದೂರವಾಣಿಗಳ ಕರೆಗಳನ್ನೂ ನಿರ್ದೇಶಿಸುತ್ತದೆ. ಸಣ್ಣ ಕಚೇರಿಗೆ ಮೊದಲನೆಯದು ಸಾಕಾಗಬಹುದು. ನೂರಾರು ಪ್ರತಿನಿಧಿಗಳಿರುವ ಕೇಂದ್ರಕ್ಕೆ ಎರಡನೆಯದು ಅನಿವಾರ್ಯ.

ವ್ಯವಹಾರದಲ್ಲಿ ಪ್ರಯೋಜನ

ಕರೆಗಳ ಹೊರೆಯನ್ನು ಅಳೆಯುವ ಮಾನಕ್ಕೆ ಎರ್ಲಾಂಗ್ ಎಂದು ಹೆಸರು. ಈ ಗಣಿತಕ್ಕೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಿಪಾಯ ಹಾಕಿದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ ಅವರ ಸ್ಮರಣೆಯಾಗಿ ಆ ಹೆಸರು ಬಂದಿದೆ. ಒಂದು ಕೇಂದ್ರಕ್ಕೆ ಗಂಟೆಗೆ 120 ಕರೆಗಳು ಬಂದು, ಪ್ರತಿಯೊಂದೂ 3 ನಿಮಿಷ ನಡೆಯುತ್ತದೆ ಎಂದುಕೊಳ್ಳೋಣ. ಆಗ ಒಟ್ಟು ಮಾತಿನ ಅವಧಿ 360 ನಿಮಿಷ, ಅಂದರೆ 6 ಎರ್ಲಾಂಗ್. ಆರು ಮಂದಿ ಬಿಡುವಿಲ್ಲದೆ ಮಾತನಾಡಬೇಕಾದಷ್ಟು ಹೊರೆ ಇದು. ಕರೆಗಳು ಸಮನಾದ ಅಂತರದಲ್ಲಿ ಬರುವುದಿಲ್ಲವಾದ್ದರಿಂದ ವಾಸ್ತವದಲ್ಲಿ ಆರಕ್ಕಿಂತ ಹೆಚ್ಚು ಮಂದಿ ಬೇಕು. ಸಂಯೋಜನೆಯಿಂದ ಪ್ರತಿ ಕರೆಯಲ್ಲಿ 15 ಸೆಕೆಂಡು ಉಳಿದರೂ ಗಂಟೆಗೆ 30 ನಿಮಿಷ ಉಳಿಯುತ್ತದೆ; ಅದು ಅರ್ಧ ಪ್ರತಿನಿಧಿಯ ಕೆಲಸಕ್ಕೆ ಸಮ. ಸಂಸ್ಥೆಗಳು ಇದಕ್ಕೆ ಹಣ ಹೂಡಲು ಈ ಲೆಕ್ಕಾಚಾರವೇ ಮುಖ್ಯ ಕಾರಣ.

ಪರದೆಯ ಮೇಲಿನ ಸಂಖ್ಯೆಯನ್ನು ಒತ್ತಿದೊಡನೆ ಕರೆ ಮಾಡುವುದು, ಮಾತಿನ ಧ್ವನಿಮುದ್ರಣ, ಕರೆಗಳ ಅಂಕಿಅಂಶಗಳ ಸಂಗ್ರಹ ಇವು ಇತರ ಸೌಲಭ್ಯಗಳು.

ಭಾರತದಲ್ಲಿ

ವಿನಿಮಯ ಕೇಂದ್ರಗಳು ಅಂಕೀಯವಾಗುವುದು ಇಂತಹ ಸೇವೆಗಳ ವಿಸ್ತರಣೆಗೆ ಅಗತ್ಯವಾಗಿತ್ತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಈ ದಿಕ್ಕಿನಲ್ಲಿ ಪ್ರಮುಖ ಪಾತ್ರ ವಹಿಸಿತು. ಅದರ ಮೊದಲ ಗ್ರಾಮೀಣ ಅಂಕೀಯ ವಿನಿಮಯ ಕೇಂದ್ರ 1986ರಲ್ಲಿ ಕರ್ನಾಟಕದ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿತು. 1990ರ ದಶಕದ ಕೊನೆಯಿಂದ ಬೆಂಗಳೂರು, ಗುರುಗ್ರಾಮ ಮೊದಲಾದ ನಗರಗಳಲ್ಲಿ ತಲೆಯೆತ್ತಿದ ಕರೆ ಕೇಂದ್ರಗಳು ಈ ತಂತ್ರಜ್ಞಾನವನ್ನೇ ಅವಲಂಬಿಸಿದ್ದವು. ವಿದೇಶದ ಗ್ರಾಹಕರ ದಾಖಲೆ ಇಲ್ಲಿನ ಪ್ರತಿನಿಧಿಯ ಪರದೆಯ ಮೇಲೆ ಕಾಣಿಸಿಕೊಳ್ಳದಿದ್ದರೆ ಆ ಉದ್ಯಮ ಬೆಳೆಯುವಂತಿರಲಿಲ್ಲ. ದೂರಸಂಪರ್ಕ ಇಲಾಖೆ ಇಂತಹ ಕೇಂದ್ರಗಳ ಮೇಲಿದ್ದ ನೋಂದಣಿ ನಿಯಮಗಳನ್ನು 2020 ಮತ್ತು 2021ರಲ್ಲಿ ಬಹುಮಟ್ಟಿಗೆ ಸಡಿಲಿಸಿತು.

ಸಾರ್ವಜನಿಕ ಸೇವೆಯಲ್ಲಿಯೂ ಕರೆ ಕೇಂದ್ರಗಳು ನೆಲೆಯೂರಿವೆ. 2004ರ ಜನವರಿಯಲ್ಲಿ ಆರಂಭವಾದ ಕಿಸಾನ್ ಕರೆ ಕೇಂದ್ರವು ರೈತರ ಪ್ರಶ್ನೆಗಳಿಗೆ ಕನ್ನಡವೂ ಸೇರಿದಂತೆ ಪ್ರಾದೇಶಿಕ ಭಾಷೆಗಳಲ್ಲಿ ಉತ್ತರಿಸುತ್ತದೆ. ರೈಲ್ವೆಯ 139 ಹಾಗೂ ಕರ್ನಾಟಕದಲ್ಲಿ 2008ರ ನವೆಂಬರ್‌ನಲ್ಲಿ ಆರಂಭವಾದ 108 ಆರೋಗ್ಯ ಕವಚ ಇತರ ಉದಾಹರಣೆಗಳು.

ಮಿತಿಗಳು ಮತ್ತು ಟೀಕೆ

* ಅವಲಂಬನೆ: ದೂರವಾಣಿ ಮತ್ತು ಗಣಕ ಒಂದಾದಾಗ ಒಂದರ ದೋಷ ಮತ್ತೊಂದನ್ನೂ ಬಾಧಿಸುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕದ 108 ಸೇವೆಯ ಕರೆ ಕೇಂದ್ರದಲ್ಲಿ ತಾಂತ್ರಿಕ ದೋಷ ಉಂಟಾಗಿ ಕರೆಗಳ ನಿರ್ವಹಣೆಯಲ್ಲಿ ವ್ಯತ್ಯಯವಾಯಿತು. ಗಣಕವಿಲ್ಲದೆಯೂ ಕೈಬರಹದಿಂದ ಕೆಲಸ ನಡೆಸುವ ಪರ್ಯಾಯ ಕ್ರಮ ಇರಬೇಕಾದುದು ಇದಕ್ಕಾಗಿಯೇ.
* ಗುರುತಿನ ಅನಿಶ್ಚಿತತೆ: ಸಂಖ್ಯೆಯು ದೂರವಾಣಿಯದು, ವ್ಯಕ್ತಿಯದಲ್ಲ. ಒಂದೇ ದೂರವಾಣಿಯನ್ನು ಮನೆಮಂದಿಯೆಲ್ಲ ಬಳಸಬಹುದು. ವಂಚಕರು ಸುಳ್ಳು ಸಂಖ್ಯೆಯನ್ನು ತೋರಿಸಲೂಬಹುದು. ಆದ್ದರಿಂದ ಪರದೆಯ ಮೇಲೆ ಹೆಸರು ಮೂಡಿದ ಮಾತ್ರಕ್ಕೆ ಕರೆದವರು ಅವರೇ ಎಂದು ನಂಬುವಂತಿಲ್ಲ.
* ಖಾಸಗಿತನ: ಮುದ್ರಿತ ಸಂಭಾಷಣೆಗಳಲ್ಲಿ ವೈಯಕ್ತಿಕ ವಿವರಗಳಿರುತ್ತವೆ. ಪಾವತಿ ಕಾರ್ಡಿನ ಗುಪ್ತ ಸಂಖ್ಯೆಯನ್ನು ಹೇಳುವಾಗ ಮುದ್ರಣವನ್ನು ನಿಲ್ಲಿಸುವ ಪದ್ಧತಿ ಇದೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಈ ವಿಷಯಕ್ಕೆ ಸಂಬಂಧಿಸಿದೆ.
* ನೌಕರರ ಮೇಲಿನ ಒತ್ತಡ: ಪ್ರತಿ ಕರೆಯ ಅವಧಿಯನ್ನೂ ಎರಡು ಕರೆಗಳ ನಡುವಣ ವಿರಾಮವನ್ನೂ ವ್ಯವಸ್ಥೆ ಅಳೆಯುತ್ತದೆ. ಅವಧಿಯನ್ನಷ್ಟೇ ಗಣನೆಗೆ ತೆಗೆದುಕೊಂಡರೆ ಸಮಸ್ಯೆಯನ್ನು ತಾಳ್ಮೆಯಿಂದ ಬಗೆಹರಿಸುವ ನೌಕರರು ನಿಧಾನಗತಿಯವರೆನಿಸಿಕೊಳ್ಳುವ ಅಪಾಯವಿದೆ.
* ಗ್ರಾಹಕರ ಬೇಸರ: ಆಯ್ಕೆಗಳ ಸರಣಿ ಉದ್ದವಾದಷ್ಟೂ ವೃದ್ಧರಿಗೆ, ಓದುಬರಹ ಬಾರದವರಿಗೆ ತೊಡಕು ಹೆಚ್ಚು. ಮನುಷ್ಯರೊಡನೆ ಮಾತನಾಡುವ ಆಯ್ಕೆಯನ್ನು ಮೊದಲಲ್ಲಿಯೇ ನೀಡುವುದು ಉತ್ತಮ ವಿನ್ಯಾಸದ ಲಕ್ಷಣ.

ಇತ್ತೀಚಿನ ಬೆಳವಣಿಗೆಗಳು

ಧ್ವನಿಯೇ ಅಂತರಜಾಲದ ದತ್ತಾಂಶವಾಗಿ ಸಾಗತೊಡಗಿದ ಮೇಲೆ ದೂರವಾಣಿ ಮತ್ತು ಗಣಕಗಳ ನಡುವಣ ಗಡಿ ತೆಳುವಾಗಿದೆ. ಕರೆಗಳನ್ನು ಸ್ಥಾಪಿಸುವ ಸಿಪ್ ನಿಯಮಾವಳಿ ಈಗ ಸಾಮಾನ್ಯವಾಗಿದೆ. ಜಾಲವೀಕ್ಷಕದಲ್ಲಿಯೇ ಮಾತನಾಡಲು ಅವಕಾಶ ನೀಡುವ ವೆಬ್‌ಆರ್‌ಟಿಸಿ 2021ರಲ್ಲಿ ಅಧಿಕೃತ ಮಾನಕವಾಯಿತು. ಹೀಗಾಗಿ ಪ್ರತಿನಿಧಿಗಳು ಪ್ರತ್ಯೇಕ ದೂರವಾಣಿ ಉಪಕರಣವಿಲ್ಲದೆ, ಮನೆಯಿಂದಲೂ ಕೆಲಸ ಮಾಡಬಹುದಾಗಿದೆ. ಮಾತನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶಗಳೂ ಈ ವ್ಯವಸ್ಥೆಗಳಿಗೆ ಸೇರ್ಪಡೆಯಾಗುತ್ತಿವೆ.