ಸಾರಾಯಿಯ ಸ್ಥಾನದಲ್ಲಿ ರಮ್



ಪಾಕವಿಧಾನದಲ್ಲಿ ರಮ್ ಎಂದು ಬರೆದಿದ್ದರೆ ಅದರ ಬದಲು ಬೇರೇನನ್ನಾದರೂ ಬಳಸಬಹುದೇ ಎಂದು ಮದ್ಯ ಮುಟ್ಟದ ಮನೆಗಳ ಗೃಹಿಣಿಯರು ನನ್ನನ್ನು ಕೇಳುವುದುಂಟು. ಬದಲಿ ಬಳಸಿದರೆ ಅಸಲು ಕೆಟ್ಟೀತೆಂಬ ಸಂಕೋಚ ಅವರಿಗೆ. ಆದರೆ ಪ್ರಸಿದ್ಧವಾದ 'ಪಂಚ್' ಪಾನೀಯಕ್ಕೆ ರಮ್ ಬಂದುದೇ ಬದಲಿಯಾಗಿ. ಮೊದಲು ಆ ಸ್ಥಾನದಲ್ಲಿದ್ದುದು ನಮ್ಮ ಕಡೆಯ ಸಾರಾಯಿ.

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರೈಯರ್ 1670ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಸಂಚರಿಸಿದವನು. ಕಾರವಾರ, ಗೋಕರ್ಣಗಳನ್ನೂ ಕಂಡವನು. 1698ರಲ್ಲಿ ಅಚ್ಚಾದ ಅವನ ಪ್ರವಾಸಗ್ರಂಥವು ಗೋವೆಯ ನೆರೂಲಿನ ಸಾರಾಯಿಯೇ ಶ್ರೇಷ್ಠವೆಂದೂ, ಆಂಗ್ಲರು ಅದರಿಂದ ಐದು ದ್ರವ್ಯಗಳ ಪಾನೀಯ ಮಾಡುವರೆಂದೂ, ಅದಕ್ಕೆ ಹಿಂದುಸ್ತಾನಿಯ 'ಪಾಂಚ್' ಎಂಬುದೇ ಹೆಸರಾಯಿತೆಂದೂ ಹೇಳುತ್ತದೆ. (ಈ ವ್ಯುತ್ಪತ್ತಿಯನ್ನು ಒಪ್ಪದ ಪಂಡಿತರೂ ಇದ್ದಾರೆ.) ಅದು ದೇಹವನ್ನು ದುರ್ಬಲಗೊಳಿಸುವ ಪಾನೀಯವೆಂದು ಸೇರಿಸಲು ಆತ ಮರೆಯಲಿಲ್ಲ. ವೈದ್ಯನಲ್ಲವೇ!

ಇಂಗ್ಲೆಂಡಿಗೆ ಹೋದ ಪಾನೀಯಕ್ಕೆ ಪೂರ್ವದೇಶಗಳ ಸಾರಾಯಿ ದೂರದ, ದುಬಾರಿಯ ವಸ್ತುವಾಯಿತು. ಅಷ್ಟರಲ್ಲಿ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಸಕ್ಕರೆ ತೆಗೆದುಳಿದ ಕಾಕಂಬಿಯಿಂದ ರಮ್ ಬಟ್ಟಿಯಿಳಿಸುತ್ತಿದ್ದರು. ಅದರ ಅಗ್ಗದ ಬೆಲೆಯ ಹಿಂದೆ ಆಫ್ರಿಕದ ಗುಲಾಮರ ಬೆವರು, ನೆತ್ತರುಗಳಿದ್ದವೆಂಬುದನ್ನು ಹೇಳದೆ ಮುಂದೆ ಹೋಗಲಾಗದು. ಹದಿನೆಂಟನೆಯ ಶತಮಾನದಲ್ಲಿ ಪಂಚ್ ಬೋಗುಣಿಗೆ ರಮ್ ಧಾರಾಳವಾಗಿ ಇಳಿಯಿತು. ಆದರೂ ಸಾರಾಯಿಯ ಪರಿಮಳದ ಪ್ರತಿಷ್ಠೆ ಹೋಗಲಿಲ್ಲ. ಲಂಡನ್ನಿನ ವಾಕ್ಸ್‌ಹಾಲ್ ಉದ್ಯಾನದ ಸಾರಾಯಿ ಪಂಚ್ ಹೆಸರುವಾಸಿಯಾಗಿತ್ತು.

ಆಗ ಬಂದವನು ವಿಲಿಯಂ ಕಿಚಿನರ್. ಡಾಕ್ಟರೆಂದು ಖ್ಯಾತ, ಪದವಿ ಮಾತ್ರ ಸಂಶಯಾಸ್ಪದ. 1817ರಲ್ಲಿ ಮೊದಲು ಪ್ರಕಟವಾಗಿ ಹಲವು ಮುದ್ರಣ ಕಂಡ ಅವನ ಪಾಕಗ್ರಂಥದಲ್ಲಿ ಹುಸಿ ಸಾರಾಯಿಯ ವಿಧಾನವಿದೆ: ಒಂದು ಕ್ವಾರ್ಟ್ ಒಳ್ಳೆಯ ರಮ್ಮಿನಲ್ಲಿ ಎರಡು ಸ್ಕ್ರೂಪಲ್, ಅಂದರೆ ಸುಮಾರು 2.6 ಗ್ರಾಂ, 'ಬೆಂಜಮಿನ್ ಹೂವು' ಕರಗಿಸಬೇಕು. ಇದು ಗಿಡದ ಹೂವಲ್ಲ. ಸಾಂಬ್ರಾಣಿಯನ್ನು ಕಾಯಿಸಿದಾಗ ಆವಿಯಾಗಿ ಮೇಲೆ ಹರಳುಗಟ್ಟುವ ಬೆಂಜೋಯಿಕ್ ಆಮ್ಲ. ಎಣ್ಣೆನೀರು ಹಾಕಿದ ಕೂಸಿಗೆ ನಮ್ಮ ಅಜ್ಜಿಯರು ಹಾಕುತ್ತಿದ್ದ ಹೊಗೆಯ ಬಂಧುವೇ ಇದು! ಹುಳುಕಡ್ಡಿಗೆ ನಾವು ಬರೆದುಕೊಡುವ ವಿಟ್‌ಫೀಲ್ಡ್ ಮುಲಾಮಿನಲ್ಲಿಯೂ ಇದೇ ಆಮ್ಲವಿದೆ. ಸಾರಾಯಿಗೆ ಬದಲು ರಮ್, ರಮ್ಮಿಗೆ ಸಾರಾಯಿಯ ವೇಷ! ಆದ್ದರಿಂದ ಬದಲಿ ಬಳಸಲು ನಮಗೇಕೆ ಸಂಕೋಚ?

ಆದರೆ ಒಂದು ತಪ್ಪು ತಿಳಿವಳಿಕೆಯನ್ನು ವೈದ್ಯನಾಗಿ ತಿದ್ದಲೇಬೇಕು. ಬೇಯಿಸಿದರೆ ಮದ್ಯಸಾರವೆಲ್ಲ ಹಾರಿಹೋಗುವುದೆಂಬುದು ನಿಜವಲ್ಲ. 1992ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದ ಮೇರೆಗೆ, ಹದಿನೈದು ನಿಮಿಷ ಬೆಂದ ಖಾದ್ಯದಲ್ಲಿ ಶೇಕಡಾ 40ರಷ್ಟು, ಎರಡೂವರೆ ತಾಸು ಬೆಂದುದರಲ್ಲಿ ಶೇಕಡಾ 5ರಷ್ಟು ಉಳಿಯಬಹುದು. ಕುಡಿತ ಬಿಡಲು ಡೈಸಲ್ಫಿರಾಮ್ ಸೇವಿಸುತ್ತಿರುವವರಿಗೆ ಅಲ್ಪಪ್ರಮಾಣವೂ ತೊಂದರೆ ಕೊಡಬಲ್ಲದು. ವ್ರತನಿಷ್ಠ ಹಿರಿಯರಿಗೆ ಹೇಳದೆ ಬಡಿಸುವುದಂತೂ ಸಲ್ಲದು. ಅಂಗಡಿಯ 'ರಮ್ ಎಸೆನ್ಸ್' ಸೀಸೆಯ ಚೀಟಿಯನ್ನೂ ಓದಿರಿ. ಅನೇಕವುಗಳಲ್ಲಿ ದ್ರಾವಕವಾಗಿರುವುದು ಮದ್ಯಸಾರವೇ. ಒಣದ್ರಾಕ್ಷಿಯನ್ನು ಕಿತ್ತಳೆರಸದಲ್ಲೋ ಕಪ್ಪುದ್ರಾಕ್ಷಿಯ ರಸದಲ್ಲೋ ನೆನೆಸಿ, ಒಂದು ಚಮಚ ಬೆಲ್ಲದ ಪಾಕ, ಚೂರು ಜಾಯಿಕಾಯಿ ಸೇರಿಸಿದರೆ ಕೇಕಿಗೆ ರುಚಿ ಬರುತ್ತದೆ. ರಮ್ಮಿನಂತೆ ಅದು ಕೆಡದಂತೆ ಕಾಯುವುದಿಲ್ಲವಾದುದರಿಂದ ನೆನೆಸಿದ ಹಣ್ಣನ್ನೂ ಉಳಿದ ಕೇಕನ್ನೂ ಫ್ರಿಜ್ಜಿನಲ್ಲಿಡಿ.