ನೆಲನೆಲ್ಲಿಗೆ ಒಡ್ಡಿದ ಪರೀಕ್ಷೆ

ಮಳೆ ಬಿದ್ದ ಮೇಲೆ ನಿಮ್ಮ ಶಾಲೆಯ ಬೇಲಿಯ ಬದಿಯಲ್ಲೋ ಹೊಲದ ಬದುವಿನಲ್ಲೋ ಗೇಣುದ್ದದ ಒಂದು ಗಿಡ ಎದ್ದಿರುತ್ತದೆ. ರೆಂಬೆಯನ್ನು ಮಗುಚಿ ನೋಡಿ. ಎಲೆಗಳ ಅಡಿಯಲ್ಲಿ ಪುಟ್ಟ ಹಸಿರು ಕಾಯಿಗಳು ಸಾಲಾಗಿ ತೂಗುತ್ತಿರುತ್ತವೆ. ಅದೇ ನೆಲನೆಲ್ಲಿ, ಕೆಲವೆಡೆ ಕಿರುನೆಲ್ಲಿ. ಕಣ್ಣು ಹಳದಿಯಾದವರಿಗೆ ಇದನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಡುವುದು ನಮ್ಮ ಹಳ್ಳಿಗಳ ಹಳೆಯ ರೂಢಿ.

ಕುಡಿದವರಲ್ಲಿ ಬಹುಮಂದಿ ಗುಣವಾದದ್ದೂ ನಿಜವೇ. ಆದರೆ ಇಲ್ಲೊಂದು ತೊಡಕಿದೆ. ಕಾಮಾಲೆ ಎಂಬುದು ರೋಗವಲ್ಲ, ರೋಗದ ಲಕ್ಷಣ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಪಿತ್ತಜನಕಾಂಗವು ಪಿತ್ತರಸದೊಡನೆ ಕರುಳಿಗೆ ಸಾಗಿಸುತ್ತದೆ. ಆ ಸಾಗಣೆ ಕೆಟ್ಟಾಗ ಮೈ ಹಳದಿಯಾಗುತ್ತದೆ. ಕೊಳೆ ನೀರಿನಿಂದ ಹರಡುವ 'ಎ' ವೈರಸ್ಸಿನ ಕಾಮಾಲೆ ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಹಾಗಾದರೆ ವಾಸಿ ಮಾಡಿದ್ದು ಗಿಡವೋ, ಕಾಲವೋ?

ರಕ್ತದ ಮೂಲಕ ಹರಡುವ 'ಬಿ' ವೈರಸ್ ಅಷ್ಟು ಸುಲಭವಾಗಿ ಬಿಡದು. ಕೆಲವರಲ್ಲಿ ವರ್ಷಗಟ್ಟಲೆ ಅಡಗಿದ್ದು ಯಕೃತ್ತಿನ ಕ್ಯಾನ್ಸರ್‌ಗೂ ದಾರಿ ಮಾಡುತ್ತದೆ. ರಕ್ತದಲ್ಲಿ ಅದರ ಗುರುತನ್ನು ಕಂಡುಹಿಡಿದ ಅಮೆರಿಕದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಹುಮಾನ ಬಂತು. ಗುರುತು ಸಿಕ್ಕಿತಲ್ಲ, ಇನ್ನು ಗಿಡವನ್ನು ಪರೀಕ್ಷೆಗೆ ಒಡ್ಡಬಹುದಾಯಿತು!

ಆ ಕೆಲಸ ಮದ್ರಾಸಿನಲ್ಲಿ ನಡೆಯಿತು. ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ವೈರಸ್ ಹೊತ್ತವರಲ್ಲಿ ಕೆಲವರಿಗೆ ನೆಲನೆಲ್ಲಿಯ ಪುಡಿಯನ್ನೂ, ಉಳಿದವರಿಗೆ ಔಷಧವಿಲ್ಲದ ಹುಸಿಮದ್ದನ್ನೂ 30 ದಿನ ಕೊಟ್ಟರು. 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಫಲಿತಾಂಶ ಹೊರಬಂತು. ಪುಡಿ ತಿಂದ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿಮದ್ದಿನ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ. ವರದಿಯ ಲೇಖಕರಲ್ಲಿ ಬ್ಲಂಬರ್ಗ್ ಕೂಡ ಒಬ್ಬರು. ಅಂದಿನ ಸಂಭ್ರಮವನ್ನು ನೀವೇ ಊಹಿಸಿಕೊಳ್ಳಿ.

ಆದರೆ ಬೇರೆಯವರು ಮಾಡಿ ನೋಡಿದಾಗಲೂ ಅದೇ ಫಲ ಬರಬೇಕಷ್ಟೆ? ಬರಲಿಲ್ಲ. 1990ರಲ್ಲಿ ಥಾಯ್ಲೆಂಡಿನಿಂದ, 1994ರಲ್ಲಿ ನ್ಯೂಜಿಲೆಂಡಿನಿಂದ ಬಂದ ವರದಿಗಳು ಗಿಡ ವೈರಸ್ಸನ್ನು ನೀಗಿಸಲಿಲ್ಲವೆಂದವು. ಬೆಳೆದ ಮಣ್ಣು ಬೇರೆ, ಕೊಯ್ದ ಕಾಲ ಬೇರೆ, ನೋಡಲು ಒಂದೇ ತೆರನಾದ ಸೋದರ ಜಾತಿಗಳು ಬೆರೆಯುವ ಸಂಭವ ಬೇರೆ ಎಂಬ ವಾದಗಳು ಎದ್ದವು. ಅವು ತಳ್ಳಿಹಾಕುವ ಮಾತುಗಳಲ್ಲ, ಪುರಾವೆಯೂ ಅಲ್ಲ. 2011ರಲ್ಲಿ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿ, ಹುಸಿಮದ್ದಿಗಿಂತ ಗಿಡ ಮೇಲೆಂಬುದಕ್ಕೆ ನಂಬತಕ್ಕ ಆಧಾರ ಸಾಲದೆಂದಿತು.

ಮದ್ರಾಸಿನವರು ಸೋತರೆನ್ನಲು ನನಗೆ ಮನಸ್ಸಿಲ್ಲ. ಅಜ್ಜಿಯ ಮದ್ದನ್ನು ನಗೆಗೀಡು ಮಾಡದೆ, ಕುರುಡಾಗಿ ನಂಬದೆ, ಎಣಿಸಿ ನೋಡಿದವರು ಅವರು. ಅತ್ತ ಬ್ಲಂಬರ್ಗ್ ಗುರುತಿಸಿದ ಅದೇ ವಸ್ತುವಿನಿಂದ ಲಸಿಕೆ ತಯಾರಾಯಿತು. ನಮ್ಮಲ್ಲಿ 2011ರ ಹೊತ್ತಿಗೆ ಅದು ದೇಶದ ಎಲ್ಲ ಶಿಶುಗಳ ಲಸಿಕೆಪಟ್ಟಿಗೆ ಸೇರಿತು.