ಮನೆತನದ ಹೆಸರು ಮತ್ತು ವಂಶದ ಚರಿತ್ರೆ: ಕಳಸ ಸೀಮೆಯ ಜೈನ ಕುಟುಂಬಗಳನ್ನು ಕುರಿತು

ಬಸದಿಯ ಪ್ರತಿಷ್ಠಾ ಮಹೋತ್ಸವವು ಜಿನಬಿಂಬಾರಾಧನೆಯ ಪುಣ್ಯಕಾಲವಾಗಿರುವಂತೆಯೇ ಚದುರಿಹೋದ ಬಂಧುಬಳಗವು ಒಂದೆಡೆ ಕೂಡುವ ಕಾಲವೂ ಆಗಿದೆ. ಕಳಸ, ಮೂಡಿಗೆರೆ, ಚಿಕ್ಕಮಗಳೂರುಗಳ ಕಾಫಿ ತೋಟಗಳಿಂದಲೂ, ಘಟ್ಟದ ಕೆಳಗಣ ಕಾರ್ಕಳ, ಮೂಡಬಿದಿರೆಗಳಿಂದಲೂ, ಬೆಂಗಳೂರು, ಮುಂಬಯಿಗಳಿಂದಲೂ ಬಂದವರು ಪಂಕ್ತಿಯಲ್ಲಿ ಕುಳಿತಾಗ ಹಿರಿಯರು ಕೇಳುವ ಮೊದಲನೆಯ ಪ್ರಶ್ನೆ, "ತಮ್ಮದು ಯಾವ ಮನೆ?" ಎಂಬುದು. ಎರಡನೆಯದು, "ತಾಯಿಯ ಕಡೆಯಿಂದ ಯಾವ ಬಳಿ?" ಎಂಬುದು. ಈಚಿನ ತಲೆಮಾರಿನವರು ಮೊದಲನೆಯ ಪ್ರಶ್ನೆಗೆ ತಮ್ಮ ಹೆಸರಿನ ಕೊನೆಯ ಪದವನ್ನು ಹೇಳಿ ಸುಮ್ಮನಾಗುವುದುಂಟು. ಎರಡನೆಯದಕ್ಕೆ ಅವರಲ್ಲಿ ಅನೇಕರಿಗೆ ಉತ್ತರವೇ ತೋರುವುದಿಲ್ಲ.

ಒಂದೇ ಮನೆತನದ ಹೆಸರುಳ್ಳವರು ಸಂಘ ಕಟ್ಟಿಕೊಂಡು ತಮ್ಮ ವಂಶದ ಚರಿತ್ರೆಯನ್ನು ಸಂಗ್ರಹಿಸುವ ಪದ್ಧತಿ ಇಂದು ಅನೇಕ ದೇಶಗಳಲ್ಲಿ ಬೆಳೆದಿದೆ. ಬ್ರಿಟನ್ನಿನಲ್ಲಿ ಒಂದೊಂದು ಕುಲನಾಮವನ್ನು ಹಿಡಿದು ಸಂಶೋಧನೆ ನಡೆಸುವವರು 1979ರಲ್ಲಿ 'ಗಿಲ್ಡ್ ಆಫ್ ಒನ್‌ನೇಮ್ ಸ್ಟಡೀಸ್' ಎಂಬ ಸಂಸ್ಥೆಯನ್ನೇ ಸ್ಥಾಪಿಸಿದರು. ನಮ್ಮ ನೆರೆಯ ಕೊಡಗಿನಲ್ಲಿ ಕೊಡವರ ಒಕ್ಕಗಳು ಬಹುಕಾಲದಿಂದಲೂ ಐನ್‌ಮನೆಯ ಸುತ್ತ ಒಂದುಗೂಡಿ ಬಾಳಿವೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಆರಂಭಿಸಿದ ಕೌಟುಂಬಿಕ ಹಾಕಿ ಪಂದ್ಯಾವಳಿಯು ಆ ಒಕ್ಕಗಳ ಹೆಸರುಗಳನ್ನು ನಾಡಿನಾದ್ಯಂತ ಪರಿಚಯಿಸಿತು. ಜೈನ ಕುಟುಂಬಗಳೂ ಇಂತಹ ಸಂಘಗಳನ್ನು ಕಟ್ಟಬೇಕೆಂಬ ಅಭಿಲಾಷೆ ಸಹಜವಾದುದೇ ಆಗಿದೆ. ಆದರೆ ಕೊಡವರ ಮನೆಹೆಸರು ಒಂದು ಒಕ್ಕಕ್ಕೆ, ತಂದೆಯ ಪರಂಪರೆಗೆ ಸೇರಿದುದು. ಜೈನರ ಹೆಸರುಗಳ ಗತಿ ಹಾಗಲ್ಲ. ಈ ಭೇದವನ್ನರಿಯದೆ ವಂಶಚರಿತ್ರೆಗೆ ಕೈಹಾಕಿದರೆ ಇಲ್ಲದ ನಂಟು ಕಾಣಿಸಿಕೊಂಡು, ಇರುವ ನಂಟು ಮರೆಯಾದೀತು.

ಕಳಸ ಕಾರ್ಕಳಗಳ ಸೀಮೆಯಲ್ಲಿ ಜೈನರ ಹೆಸರಿನೊಡನೆ ಬರುವ ಹೆಗ್ಗಡೆ, ಶೆಟ್ಟಿ, ಬಲ್ಲಾಳ ಮೊದಲಾದ ಪದಗಳು ಮೂಲತಃ ಪದವಿಗಳು ಅಥವಾ ವೃತ್ತಿಸೂಚಕಗಳು. ಶಾಸನಗಳ ಪೆರ್ಗ್ಗಡೆಯು ಒಬ್ಬ ಅಧಿಕಾರಿ. ಅದೇ ಪದ ಹೆಗ್ಗಡೆಯಾಗಿ ಜೈನರಲ್ಲಿಯೂ, ಬಂಟರಲ್ಲಿಯೂ, ಹವ್ಯಕರಲ್ಲಿಯೂ ಉಳಿದಿದೆ. ಶೆಟ್ಟಿ ಎಂಬುದು ಶ್ರೇಷ್ಠಿಯಿಂದ ಬಂದುದು. ಇಂದ್ರ ಎಂಬುದು ಬಸದಿಯ ಪೂಜಾಕಾರ್ಯವನ್ನು ನಡೆಸುವ ಪುರೋಹಿತ ಮನೆತನಗಳ ಹೆಸರು. ಹೆಸರಿನ ಕೊನೆಗೆ 'ಜೈನ್' ಎಂದು ಬರೆದುಕೊಳ್ಳುವುದಂತೂ ತೀರ ಈಚಿನ ರೂಢಿ. ಅದು ಧರ್ಮವನ್ನು ಹೇಳುತ್ತದೆಯೇ ಹೊರತು ಮನೆಯನ್ನಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು. ಅಲ್ಲಿಯ ಬಸದಿಯನ್ನು ನಿರ್ಮಿಸಿದವನು ಮಾಣಿಕ ಪೊಯ್ಸಳಾಚಾರಿ ಎಂಬ ಶಿಲ್ಪಿ. ಹೆಸರಿನಲ್ಲಿ ಪೊಯ್ಸಳ ಎಂದಿರುವ ಮಾತ್ರಕ್ಕೆ ಈ ಶಿಲ್ಪಿಯು ರಾಜವಂಶದವನೆಂದು ಯಾರೂ ಹೇಳಲಾರರು. ಹೆಸರು ಒಂದಾದರೆ ವಂಶವೂ ಒಂದಾಗಬೇಕಾಗಿಲ್ಲವೆಂಬುದಕ್ಕೆ ಈ ನಾಡಿನ ಕಲ್ಲೇ ಸಾಕ್ಷಿ.

ಹಾಗಾದರೆ ವಂಶವನ್ನು ಗುರುತಿಸುವ ಬಗೆ ಯಾವುದು? ಇದಕ್ಕೆ ಉತ್ತರವು ಕಳಸವನ್ನಾಳಿದ ಅರಸುಮನೆತನದ ಚರಿತ್ರೆಯಲ್ಲಿಯೇ ದೊರೆಯುತ್ತದೆ. ಪೊಂಬುಚ್ಚ ಅಥವಾ ಇಂದಿನ ಹೊಂಬುಜದಲ್ಲಿ ಜಿನದತ್ತರಾಯನನ್ನು ಮೂಲಪುರುಷನನ್ನಾಗಿಯೂ ಪದ್ಮಾವತೀ ದೇವಿಯನ್ನು ಕುಲದೇವತೆಯನ್ನಾಗಿಯೂ ಹೊಂದಿದ್ದ ಸಾಂತರರು ಪ್ರಬಲರಾದರು. ಅಲ್ಲಿಯ ಪಂಚಕೂಟ ಬಸದಿಯನ್ನು 1077ರಲ್ಲಿ ಕಟ್ಟಿಸಿದವಳು ಚಟ್ಟಲದೇವಿ. ಅವಳು ಹುಟ್ಟಿನಿಂದ ಗಂಗವಂಶದವಳು. ಅವಳ ಸೋದರಿಯು ವೀರಸಾಂತರನ ಪತ್ನಿ. ಆ ಸೋದರಿಯು ಗತಿಸಿದ ಮೇಲೆ ಅವಳ ಮಕ್ಕಳನ್ನು ಚಟ್ಟಲದೇವಿಯೇ ತನ್ನ ಮಕ್ಕಳೆಂದು ಭಾವಿಸಿ ಸಾಕಿದಳು. ತನ್ನ ತಂದೆತಾಯಿಗಳ ಹಾಗೂ ಸೋದರಿಯ ಪುಣ್ಯಸ್ಮರಣೆಗಾಗಿ ಆ ಜಿನಾಲಯವನ್ನೆತ್ತಿಸಿದಳು. ಸಾಂತರರೆಂಬ ಹೆಸರನ್ನಷ್ಟೇ ಹಿಡಿದು ಹೊರಟವರಿಗೆ ಆ ಮನೆಯನ್ನು ಉಳಿಸಿದ ಈ ಮಹಾಮಾತೆಯು ಕಾಣಿಸುವುದೇ ಇಲ್ಲ.

ಮುಂದೆ ಸಾಂತರರ ಒಂದು ಶಾಖೆಯು ಕಳಸಕ್ಕೆ ಬಂದು ನೆಲಸಿತು. ಹದಿಮೂರನೆಯ ಶತಮಾನದ ಕಳಸದ ಶಾಸನಗಳಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ರಾಜ್ಯವಾಳುತ್ತಿದ್ದುದು ಕಂಡುಬರುತ್ತದೆ. ಅನಂತರ ಈ ಅರಸರು ಘಟ್ಟದ ಮೇಲಣ ಕಳಸವನ್ನೂ ಕೆಳಗಣ ಕಾರ್ಕಳವನ್ನೂ ಒಂದೇ ರಾಜ್ಯವಾಗಿ ಆಳಿ, ಭೈರರಸ ಒಡೆಯರೆಂದು ಪ್ರಖ್ಯಾತರಾದರು. ಘಟ್ಟದ ಮೇಲೂ ಕೆಳಗೂ ಜೈನ ಕುಟುಂಬಗಳ ನಡುವೆ ಕೊಳುಕೊಡೆಗಳು ಬೆಳೆದು ಬಂದುದಕ್ಕೆ ಈ ರಾಜ್ಯದ ವಿಸ್ತಾರವೂ ಒಂದು ಕಾರಣವೆನ್ನಬಹುದು.

ಈ ಒಂದೇ ಮನೆತನದ ಎರಡು ಶಾಸನಗಳನ್ನು ಜೊತೆಗಿಟ್ಟು ನೋಡುವುದು ಉಚಿತ. 1432ರ ಫೆಬ್ರವರಿ 13ರಂದು ಕಾರ್ಕಳದಲ್ಲಿ ಬಾಹುಬಲಿ ಸ್ವಾಮಿಯ ಬೃಹನ್ಮೂರ್ತಿಯನ್ನು ಗುರುಗಳಾದ ಲಲಿತಕೀರ್ತಿಗಳ ಉಪದೇಶದಂತೆ ಪ್ರತಿಷ್ಠಾಪಿಸಿದ ವೀರಪಾಂಡ್ಯನು ಭೈರವನ ಮಗನೆಂದು ಅಲ್ಲಿಯ ಶಾಸನ ಹೇಳುತ್ತದೆ. 1586ರಲ್ಲಿ ಅದೇ ಊರಿನಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರರಸನಾದರೋ ಮೊದಲಿನ ಭೈರರಸನ ಮಗನಲ್ಲ. ಅವನ ಸೋದರಿ ಗುಮ್ಮಟಾಂಬೆಯ ಮಗ. ಇವನ ತಂದೆ ವೀರನರಸಿಂಹನು ಬಂಗ ಮನೆತನದ ಅರಸ. ತಂದೆಯ ಹೆಸರನ್ನು ಅನುಸರಿಸಿದ್ದರೆ ಇಮ್ಮಡಿ ಭೈರರಸನು ಬಂಗರಸನಾಗಬೇಕಾಗಿತ್ತು. ತಾಯಿಯ ಮೂಲಕ ಅವನು ಭೈರರಸನಾದನು. ಜಿನದತ್ತರಾಯನ ವಂಶದವನೆಂದು ಶಾಸನದಲ್ಲಿ ಹೇಳಿಸಿಕೊಂಡನು. ಒಂದೇ ಮನೆಯಲ್ಲಿ ಒಮ್ಮೆ ಮಗನೂ ಮತ್ತೊಮ್ಮೆ ಸೋದರಳಿಯನೂ ಕೀರ್ತಿಯನ್ನು ಮುಂದುವರಿಸಿದುದನ್ನು ನೋಡಿದರೆ, ರೂಢಿಯನ್ನು ಊಹಿಸಿ ವಂಶವೃಕ್ಷವನ್ನು ಬರೆಯಬಾರದು, ದಾಖಲೆ ಹೇಳಿದಂತೆ ಬರೆಯಬೇಕು ಎಂಬ ಪಾಠ ಮನದಟ್ಟಾಗುತ್ತದೆ.

ತಾಯಿಯಿಂದ ಮಕ್ಕಳಿಗೆ ಬರುವ ಬಳಿಯೇ ತುಳುನಾಡಿನ ಅಳಿಯಸಂತಾನದ ಜೈನರಲ್ಲಿ ವಂಶದ ನಿಜವಾದ ಗುರುತು. ಒಂದೇ ಬಳಿಯವರು ಪರಸ್ಪರ ವಿವಾಹವಾಗುವಂತಿಲ್ಲ. ಹೆಸರು ಬೇರೆಯಾದರೂ ಬಳಿ ಒಂದಾದರೆ ಅವರು ಒಡಹುಟ್ಟಿದವರ ಸಮಾನ; ಹೆಸರು ಒಂದೇ ಆದರೂ ಬಳಿ ಬೇರೆಯಾದರೆ ನೆಂಟಸ್ತಿಕೆಗೆ ಅಡ್ಡಿಯಿಲ್ಲ. ದಕ್ಷಿಣ ಕನ್ನಡದಲ್ಲಿ ಜಾರಿಗೆ ಬಂದ 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯು ಕುಟುಂಬದ ಆಸ್ತಿಯನ್ನು ಪಾಲುಮಾಡಿಕೊಳ್ಳುವ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ಜೈನರಿಗೂ ಅನ್ವಯಿಸಿತು. ನ್ಯಾಯದ ದೃಷ್ಟಿಯಿಂದ ಇವು ಬೇಕಾಗಿದ್ದ ಸುಧಾರಣೆಗಳೇ. ಆದರೆ ಆಸ್ತಿಗೆ ಬೇಡವಾದ ಬಳಿಯು ಕಾಗದಪತ್ರಗಳಿಂದಲೂ ಮರೆಯಾಯಿತು. ಶಾಲೆಯ ದಾಖಲೆಯಲ್ಲಿ ತಂದೆಯ ಹೆಸರು ಉಳಿಯಿತು. ಬಳಿಯು ಅಜ್ಜಿಯರ ನೆನಪಿನಲ್ಲಿ ಮಾತ್ರ ಉಳಿಯಿತು. ಅಂತಹ ಅಜ್ಜಿಯೊಬ್ಬರು ಕಣ್ಮುಚ್ಚಿದೊಡನೆ ನಾಲ್ಕಾರು ಮನೆಗಳ ನಂಟು ಕಡಿದುಹೋದಂತೆಯೇ ಸರಿ. ಇದು ಯಾವ ಶಾಸನದಿಂದಲೂ ಮರಳಿ ದೊರೆಯದ ನಷ್ಟ.

ಆದುದರಿಂದ ಕುಟುಂಬ ಸಂಘವನ್ನು ಕಟ್ಟಬಯಸುವವರು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಮೇರೆಗೆ ನೋಂದಾಯಿಸಿಕೊಳ್ಳುವುದಕ್ಕಿಂತ ಮೊದಲು ಒಂದು ಪುಸ್ತಕವನ್ನು ತೆರೆಯುವುದು ಅಗತ್ಯ. ಅದರಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ತಂದೆಯ ಮನೆ, ತಾಯಿಯ ತವರು, ಬಳಿ, ಹುಟ್ಟಿದ ಊರು, ನಡೆದುಕೊಳ್ಳುವ ಬಸದಿ ಇವಿಷ್ಟನ್ನು ಬರೆಯಬೇಕು. ಘಟ್ಟದ ಮೇಲಣ ಮನೆಗಳಲ್ಲಿ ಮಕ್ಕಳಸಂತಾನದ ರೂಢಿಯಿದ್ದರೆ ಅದನ್ನೂ ಹಾಗೆಯೇ ಗುರುತಿಸಬೇಕು. ಹೇಳಿದವರು ಯಾರೆಂಬುದನ್ನೂ ಕಾಣಿಸಬೇಕು. ಮಲೇರಿಯಾದ ಕಾಲದಲ್ಲಿ ಮಲೆನಾಡಿನ ಎಷ್ಟೋ ಮನೆಗಳು ಹಾಳುಬಿದ್ದುವು. ಅಂತಹ ಮನೆಗಳ ನಿವೇಶನಗಳು ಇಂದು ಕಾಫಿ ಗಿಡಗಳ ನಡುವೆ ಅಡಗಿವೆ. ತೋಟದ ಮೂಲೆಯಲ್ಲಿರುವ ನಿಸಿಧಿಗಲ್ಲನ್ನು ಕದಲಿಸದೆ ಅದರ ಅಕ್ಷರಗಳನ್ನು ಓದಿಸಬೇಕು. ಬಿ. ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕ'ದ ಆರನೆಯ ಸಂಪುಟದಲ್ಲಿ ಈ ಸೀಮೆಯ ಶಾಸನಗಳಿವೆ. ಆಗ ಈ ಜಿಲ್ಲೆಗೆ ಕಡೂರು ಜಿಲ್ಲೆಯೆಂದು ಹೆಸರು. ಈಚೆಗೆ ಪ್ರತ್ಯೇಕ ತಾಲ್ಲೂಕಾಗಿರುವ ಕಳಸದ ಶಾಸನಗಳನ್ನು ಅದರಲ್ಲಿ ಮೂಡಿಗೆರೆ ತಾಲ್ಲೂಕಿನ ಭಾಗದಲ್ಲಿ ಹುಡುಕಬೇಕು.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತ್ಯಜಿಸಬೇಕೆಂದು ಹೇಳಿರುವ ಎಂಟು ಮದಗಳಲ್ಲಿ ಕುಲಮದವೂ ಒಂದಾಗಿದೆ. ತಮ್ಮದು ಅರಸುಮನೆಯೆಂದು ಸಾಧಿಸುವುದಕ್ಕಾಗಿ ಬರೆದ ವಂಶಚರಿತ್ರೆಯು ಸಮ್ಯಕ್ತ್ವಕ್ಕೂ ದೂರ, ಸತ್ಯಕ್ಕೂ ದೂರ. ಒಕ್ಕಲುಮಾಡಿ ಬದುಕಿದ ಅಜ್ಜನನ್ನೂ, ಸಾಲದಿಂದ ತೋಟವನ್ನು ಕಳೆದುಕೊಂಡ ಮುತ್ತಜ್ಜನನ್ನೂ ಇದ್ದಂತೆಯೇ ಬರೆದಿಡುವುದೇ ಧರ್ಮಸಮ್ಮತವಾದ ಚರಿತ್ರೆ. ಮದಕ್ಕಾಗಿ ಅಲ್ಲದೆ ಕೃತಜ್ಞತೆಗಾಗಿ ನೆನೆದಾಗ ಕುಲದ ಸ್ಮರಣೆಯು ದೋಷವಾಗದು.

ಪ್ರತಿಷ್ಠಾ ಮಹೋತ್ಸವದ ದಾನಿಗಳ ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿಸುವುದು ವಾಡಿಕೆ. ಆ ಹೆಸರುಗಳ ಜೊತೆಗೆ "ಇಂಥವಳ ಮಗ", "ಇಂಥವಳ ಮಗಳು" ಎಂಬ ಎರಡು ಪದಗಳನ್ನು ಸೇರಿಸಿದರೆ ಕಲ್ಲಿಗೆ ಭಾರವಾಗದು. ನಾಲ್ಕು ನೂರು ವರ್ಷಗಳಿಗೂ ಹಿಂದೆ ಇಮ್ಮಡಿ ಭೈರರಸನು ತನ್ನ ಶಾಸನದಲ್ಲಿ ಗುಮ್ಮಟಾಂಬೆಯ ಹೆಸರನ್ನು ಬರೆಯಿಸದೆ ಬಿಟ್ಟಿದ್ದರೆ ಅವನು ಯಾವ ಮನೆಯವನೆಂಬುದು ಇಂದಿಗೆ ತಿಳಿಯುತ್ತಿರಲಿಲ್ಲ. ಮುಂದಿನ ಪ್ರತಿಷ್ಠೆಗೆ ನೆರೆಯುವ ಮಕ್ಕಳಿಗೂ ಅಂತಹುದೇ ಒಂದು ಉತ್ತರವನ್ನು ಉಳಿಸಿ ಹೋಗುವುದು ಇಂದಿನ ಶ್ರಾವಕ ಶ್ರಾವಿಕೆಯರ ಕರ್ತವ್ಯವಾಗಿದೆ.